ಜನಾರೋಗ್ಯ ಮಾಹಿತಿ ಫಲಕ: ರಚನೆ, ಓದುವ ಕ್ರಮ ಮತ್ತು ಅರ್ಜಿದಾರರ ಪಾತ್ರ

(ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ನಾಗರಿಕರ ತಿಳಿವಳಿಕೆಗಾಗಿ)

1. ಪೀಠಿಕೆ

ಮಗುವಿನ ಜನನ ನೋಂದಣಿಗಾಗಿ ಭರ್ತಿ ಮಾಡುವ ನಮೂನೆ 1ರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಕಾನೂನು ಭಾಗ. ಜನನ ಪ್ರಮಾಣಪತ್ರದಲ್ಲಿ ಮುದ್ರಣವಾಗುವ ಹೆಸರು, ದಿನಾಂಕ, ಸ್ಥಳ ಮುಂತಾದ ವಿವರಗಳನ್ನು ಈ ಭಾಗದಿಂದ ಪಡೆಯಲಾಗುತ್ತದೆ. ಎರಡನೆಯದು ಸಾಂಖ್ಯಿಕ ಭಾಗ. ತಾಯಿಯು ಸಾಮಾನ್ಯವಾಗಿ ವಾಸಿಸುವ ಊರು, ಆಕೆಯ ವಯಸ್ಸು, ವಿದ್ಯಾಭ್ಯಾಸ, ಹೆರಿಗೆಯ ವಿಧಾನ, ಮಗುವಿನ ತೂಕ ಮೊದಲಾದವುಗಳನ್ನು ಇದರಲ್ಲಿ ಕೇಳಲಾಗಿದೆ. ಈ ಎರಡನೆಯ ಭಾಗದ ವಿವರಗಳು ಪ್ರಮಾಣಪತ್ರದಲ್ಲಿ ಬರುವುದಿಲ್ಲ. ಆದಕಾರಣ ಅನೇಕ ಅರ್ಜಿದಾರರು ಇದನ್ನು ಅವಸರದಲ್ಲಿ ತುಂಬುತ್ತಾರೆ, ಇಲ್ಲವೇ ಖಾಲಿ ಬಿಡುತ್ತಾರೆ.

ಹಾಗೆ ಖಾಲಿ ಬಿಟ್ಟ ಒಂದು ಅಂಕಣದಿಂದ ಅರ್ಜಿದಾರರಿಗೆ ಅಂದು ಯಾವ ತೊಂದರೆಯೂ ಆಗುವುದಿಲ್ಲ. ಪ್ರಮಾಣಪತ್ರ ಕೈಗೆ ಬರುತ್ತದೆ. ಆದರೆ ಅವರ ಊರಿಗೆ ಎಷ್ಟು ಲಸಿಕೆ ಬೇಕು, ಎಷ್ಟು ಗರ್ಭಿಣಿಯರಿಗೆ ರಕ್ತಹೀನತೆಯ ಚಿಕಿತ್ಸೆ ಬೇಕು, ಯಾವ ಕೇರಿಯ ನೀರನ್ನು ಮೊದಲು ಪರೀಕ್ಷಿಸಬೇಕು ಎಂಬ ತೀರ್ಮಾನಗಳು ಇಂತಹ ಅಂಕಣಗಳ ಆಧಾರದ ಮೇಲೆಯೇ ಆಗುತ್ತವೆ. ಈ ಅಂಕಿಗಳನ್ನು ಒಟ್ಟುಗೂಡಿಸಿ ತೋರಿಸುವ ವ್ಯವಸ್ಥೆಯೇ ಜನಾರೋಗ್ಯ ಮಾಹಿತಿ ಫಲಕ. ಅದನ್ನು ಹೇಗೆ ರಚಿಸಬೇಕು, ಹೇಗೆ ಓದಬೇಕು ಮತ್ತು ಅದು ಸತ್ಯವಾಗಿರಲು ಅರ್ಜಿದಾರರು ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಮಾಹಿತಿ ಫಲಕ ಎಂದರೇನು?

ಡ್ಯಾಶ್‌ಬೋರ್ಡ್ ಎಂದು ರೂಢಿಯಲ್ಲಿರುವ ಮಾಹಿತಿ ಫಲಕವು ಹಲವು ದಾಖಲೆಗಳಿಂದ ಆಯ್ದ ಅಂಕಿಗಳನ್ನು ಒಂದೇ ಪರದೆಯ ಮೇಲೆ ಕೋಷ್ಟಕ, ರೇಖಾಚಿತ್ರ ಮತ್ತು ನಕ್ಷೆಯ ರೂಪದಲ್ಲಿ ತೋರಿಸುತ್ತದೆ. ಅಂಗಡಿಯ ಲೆಕ್ಕಪತ್ರದ ಪರಿಚಯವಿರುವವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆಯಲಾಗುತ್ತದೆ, ಅಲ್ಲಿಂದ ಖಾತೆಗೆ ಏರಿಸಲಾಗುತ್ತದೆ, ಕೊನೆಯಲ್ಲಿ ತಾಳೆಪಟ್ಟಿ ಸಿದ್ಧವಾಗುತ್ತದೆ. ಆರೋಗ್ಯದ ಲೆಕ್ಕದಲ್ಲಿ ಆಶಾ ಕಾರ್ಯಕರ್ತೆಯ ಡೈರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯ ವಹಿ, ಆಸ್ಪತ್ರೆಯ ಹೊರರೋಗಿ ಚೀಟಿ ಹಾಗೂ ನಾಗರಿಕರು ಭರ್ತಿ ಮಾಡುವ ನಮೂನೆಗಳೇ ಕಿರ್ದಿ. ಮಾಹಿತಿ ಫಲಕವು ತಾಳೆಪಟ್ಟಿಯ ಸ್ಥಾನದಲ್ಲಿದೆ.

ಲೆಕ್ಕಪತ್ರ ಬಲ್ಲವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ. ಒಂದು ವ್ಯವಹಾರವನ್ನು ಕಿರ್ದಿಯಲ್ಲಿ ಬರೆಯದೆಯೇ ಬಿಟ್ಟರೂ ತಾಳೆಪಟ್ಟಿ ಸರಿಯಾಗಿಯೇ ತಾಳೆಯಾಗುತ್ತದೆ. ಬಿಟ್ಟುಹೋದದ್ದು ಕಣ್ಣಿಗೆ ಬೀಳುವುದಿಲ್ಲ. ಮಾಹಿತಿ ಫಲಕದ ದೊಡ್ಡ ಅಪಾಯವೂ ಇದೇ ಆಗಿದೆ.

ಈ ಫಲಕಗಳಿಗೆ ಅಂಕಿಗಳು ಹಲವು ವ್ಯವಸ್ಥೆಗಳಿಂದ ಬರುತ್ತವೆ. ಆರೋಗ್ಯ ಸಂಸ್ಥೆಗಳ ಮಾಸಿಕ ವರದಿಗಾಗಿ 2008ರಲ್ಲಿ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆ ಜಾರಿಗೆ ಬಂದಿತು. ಗರ್ಭಿಣಿಯರು ಮತ್ತು ಮಕ್ಕಳ ವಿವರಗಳಿಗೆ ಆರ್‌ಸಿಎಚ್ ಪೋರ್ಟಲ್ ಇದೆ. ಕ್ಷಯರೋಗಕ್ಕೆ ನಿಕ್ಷಯ್, ಅಂಗನವಾಡಿ ಮಕ್ಕಳ ತೂಕ ಮತ್ತು ಎತ್ತರಕ್ಕೆ 2021ರಲ್ಲಿ ಆರಂಭವಾದ ಪೋಷಣ್ ಟ್ರ್ಯಾಕರ್ ಇವೆ. ಸಾಂಕ್ರಾಮಿಕ ರೋಗಗಳ ಕಣ್ಗಾವಲು ಯೋಜನೆ 2004ರಲ್ಲಿ ಆರಂಭವಾಗಿದ್ದು, ಅದರಲ್ಲಿ ರೋಗಲಕ್ಷಣಕ್ಕೆ ಎಸ್, ವೈದ್ಯರ ಸಂಶಯಕ್ಕೆ ಪಿ, ಪ್ರಯೋಗಾಲಯದ ದೃಢೀಕರಣಕ್ಕೆ ಎಲ್ ಎಂಬ ಮೂರು ನಮೂನೆಗಳಲ್ಲಿ ವಾರಕ್ಕೊಮ್ಮೆ ವರದಿ ಪಡೆಯಲಾಗುತ್ತಿತ್ತು. 2018ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ, 2021ರಲ್ಲಿ ದೇಶದಾದ್ಯಂತ ಇದು ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯಾಗಿ ಬದಲಾಯಿತು. ಜನನ ಮರಣ ನೋಂದಣಿಗೆ ಸಂಬಂಧಿಸಿದಂತೆ ರಾಜ್ಯದಲ್ಲಿ ಇ-ಜನ್ಮ ತಂತ್ರಾಂಶವಿದ್ದು, ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರು ಮುಖ್ಯ ನೋಂದಣಾಧಿಕಾರಿಗಳಾಗಿರುತ್ತಾರೆ.

3. ಮೊದಲ ಪ್ರಶ್ನೆ: ಯಾವ ಊರು?

ಮೇಲ್ಕಂಡ ಐದು ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಇತರೆಡೆಗಿಂತ ಹೆಚ್ಚು ಮುಖ್ಯವಾಗಿದೆ. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಸರ್ಕಾರ ಕೈಗೊಂಡ ನಿರ್ಧಾರದಂತೆ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿದ್ದು, ಬಳಿಕ ಪ್ರತ್ಯೇಕ ತಾಲ್ಲೂಕಾಯಿತು. ಹೀಗಾಗಿ 2011ರ ಜನಗಣತಿಯಲ್ಲಿ ಕೊಟ್ಟೂರು ತಾಲ್ಲೂಕು ಎಂಬ ಶೀರ್ಷಿಕೆಯೇ ಇಲ್ಲ. 2019ರಿಂದ 2021ರ ಅವಧಿಯ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಜಿಲ್ಲೆಗಳನ್ನು 2017ರ ಮಾರ್ಚ್ ಅಂತ್ಯದಲ್ಲಿ ಇದ್ದಂತೆಯೇ ಪರಿಗಣಿಸಿತು. ಆದ್ದರಿಂದ ಹರಪನಹಳ್ಳಿಯ ಮನೆಗಳು ಅದರಲ್ಲಿ ದಾವಣಗೆರೆಯ ಸರಾಸರಿಯೊಳಗೆ ಸೇರಿವೆ. ವಿಜಯನಗರದ ಹೆಸರು ಅದರಲ್ಲಿಲ್ಲ.

ಜಿಲ್ಲೆಯ ಅಥವಾ ತಾಲ್ಲೂಕಿನ ಮೊತ್ತವನ್ನಷ್ಟೇ ಇಟ್ಟುಕೊಂಡ ಫಲಕದಲ್ಲಿ ಗಡಿ ಬದಲಾದ ವರ್ಷ ರೇಖೆಯು ಹಠಾತ್ತನೆ ಏರುತ್ತದೆ ಅಥವಾ ಇಳಿಯುತ್ತದೆ. ಓದುಗರು ಅದನ್ನು ರೋಗ ಹೆಚ್ಚಿತು ಅಥವಾ ತಗ್ಗಿತು ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ ಬದಲಾದದ್ದು ಅಧಿಸೂಚನೆ ಮಾತ್ರ. ಇದಕ್ಕೆ ಪರಿಹಾರವೆಂದರೆ ಪ್ರತಿಯೊಂದು ದಾಖಲೆಯನ್ನು ಗ್ರಾಮದ ಮಟ್ಟದಲ್ಲಿ, ಗ್ರಾಮದ ಸಂಕೇತ ಸಂಖ್ಯೆಯೊಂದಿಗೆ ಉಳಿಸಿಕೊಳ್ಳುವುದು. ಗ್ರಾಮವನ್ನು ಯಾವ ತಾಲ್ಲೂಕಿಗೆ ಸೇರಿಸಿದರೂ ಹಳೆಯ ವರ್ಷಗಳ ಲೆಕ್ಕವನ್ನು ಹೊಸ ಗಡಿಯ ಪ್ರಕಾರ ಮತ್ತೆ ಕೂಡಬಹುದು.

ಊರಿನ ಪ್ರಶ್ನೆಗೆ ಇನ್ನೊಂದು ಮುಖವಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಜನನವನ್ನು ಅದು ಸಂಭವಿಸಿದ ಸ್ಥಳದಲ್ಲಿಯೇ ನೋಂದಾಯಿಸಲಾಗುತ್ತದೆ. ಕೊಟ್ಟೂರು ತಾಲ್ಲೂಕಿನ ಸೊಸೆ ದಾವಣಗೆರೆಯ ಆಸ್ಪತ್ರೆಯಲ್ಲಿ ಹೆತ್ತರೆ ಜನನವು ದಾವಣಗೆರೆಯ ಲೆಕ್ಕಕ್ಕೆ ಹೋಗುತ್ತದೆ. ಆ ಮಗುವಿಗೆ ಮುಂದೆ ಲಸಿಕೆ ಹಾಕಬೇಕಾದವರು ಕೊಟ್ಟೂರಿನ ಸಿಬ್ಬಂದಿ. ಪೀಠಿಕೆಯಲ್ಲಿ ತಿಳಿಸಿದ "ತಾಯಿಯ ವಾಸದ ಊರು" ಎಂಬ ಅಂಕಣ ಇರುವುದೇ ಈ ಎರಡು ಊರುಗಳನ್ನು ಜೋಡಿಸಲು.

4. ಎರಡನೆಯ ಪ್ರಶ್ನೆ: ಎಷ್ಟರಲ್ಲಿ ಎಷ್ಟು?

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 40 ಗರ್ಭಿಣಿಯರಿಗೆ ರಕ್ತಹೀನತೆ ಇದೆ, ಇನ್ನೊಂದರಲ್ಲಿ 10 ಮಂದಿಗೆ ಇದೆ ಎಂದು ಭಾವಿಸಿ. ಮೊದಲನೆಯದೇ ಹಿಂದುಳಿದಿದೆ ಎಂದು ತೋರುತ್ತದೆ. ಆದರೆ ಮೊದಲ ಕೇಂದ್ರದಲ್ಲಿ ನೋಂದಣಿಯಾದ 100 ಮಂದಿಗೂ ರಕ್ತಪರೀಕ್ಷೆ ಮಾಡಲಾಗಿದ್ದು, ಎರಡನೆಯದರಲ್ಲಿ 100ರ ಪೈಕಿ 15 ಮಂದಿಗೆ ಮಾತ್ರ ಮಾಡಲಾಗಿದ್ದರೆ? ಆಗ ಎರಡನೆಯ ಕೇಂದ್ರದಲ್ಲಿ ಪರೀಕ್ಷೆಯಾಗದ 85 ಗರ್ಭಿಣಿಯರ ಬಗ್ಗೆ ನಮಗೆ ಏನೂ ತಿಳಿದಿಲ್ಲ ಎಂದರ್ಥ. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆ ಇರುವ ತಾಯಿ ಅವರಲ್ಲಿ ಒಬ್ಬಳಿದ್ದರೂ ಹೆರಿಗೆಯ ದಿನವೇ ಅದು ಬಯಲಾಗುತ್ತದೆ.

ಆದುದರಿಂದ ಉತ್ತಮ ಫಲಕದಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಛೇದವೂ ಇರತಕ್ಕದ್ದು: ನೋಂದಣಿಯಾದವರೆಷ್ಟು, ಪರೀಕ್ಷೆಯಾದವರೆಷ್ಟು, ದೋಷ ಕಂಡವರೆಷ್ಟು, ಚಿಕಿತ್ಸೆ ಪಡೆದವರೆಷ್ಟು. ಈ ನಾಲ್ಕು ಒಟ್ಟಿಗೆ ಇದ್ದಾಗ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ.

ಸಣ್ಣ ಊರುಗಳಲ್ಲಿ ಶೇಕಡಾವಾರು ಲೆಕ್ಕವೂ ದಾರಿ ತಪ್ಪಿಸಬಹುದು. ವರ್ಷಕ್ಕೆ 20 ಜನನಗಳಿರುವ ಊರಿನಲ್ಲಿ ಒಂದು ಶಿಶು ತೀರಿಕೊಂಡರೆ ಶಿಶುಮರಣ ದರ ಸಾವಿರಕ್ಕೆ 50 ಆಗುತ್ತದೆ, ಮರುವರ್ಷ ಸೊನ್ನೆಯಾಗುತ್ತದೆ. ಇಂತಹ ಊರುಗಳಿಗೆ ದರವನ್ನು ತೋರಿಸದೆ ಸಂಖ್ಯೆಯನ್ನು ತೋರಿಸುವುದು ಅಥವಾ ಮೂರು ವರ್ಷಗಳನ್ನು ಕೂಡಿ ನೋಡುವುದು ಸೂಕ್ತ.

ಒಟ್ಟು ಜನಸಂಖ್ಯೆಯ ಛೇದವು ಇನ್ನೂ 2011ರ ಜನಗಣತಿಯನ್ನು ಆಧರಿಸಿದೆ. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕವನ್ನು 2027ರ ಮಾರ್ಚ್ 1 ಎಂದು ಅಧಿಸೂಚಿಸಲಾಗಿದೆ. ಅದರ ಅಂಕಿಗಳು ಬರುವವರೆಗೆ ಅಂದಾಜು ಜನಸಂಖ್ಯೆಯನ್ನೇ ಅವಲಂಬಿಸಬೇಕಾಗುತ್ತದೆ. ಜೊತೆಗೆ ಈ ಭಾಗದ ಅನೇಕ ಕುಟುಂಬಗಳು ಕಬ್ಬು ಕಟಾವು, ಕಟ್ಟಡ ಕೆಲಸ ಮುಂತಾದವುಗಳಿಗಾಗಿ ವರ್ಷದಲ್ಲಿ ಕೆಲವು ತಿಂಗಳು ಗುಳೆ ಹೋಗುತ್ತವೆ. ತಾಂಡಾದ ಮನೆಗಳಿಗೆ ಬೀಗ ಬಿದ್ದಾಗ ಮಕ್ಕಳಿಗೆ "ಲಸಿಕೆ ಬಾಕಿ" ಎಂದು ಫಲಕ ತೋರಿಸುತ್ತದೆ. ಮಗು ಬೇರೆ ಜಿಲ್ಲೆಯಲ್ಲಿ ಲಸಿಕೆ ಪಡೆದಿರಬಹುದು, ಪಡೆಯದೆಯೂ ಇರಬಹುದು. ಈ ಎರಡನ್ನೂ ಬೇರ್ಪಡಿಸಲು "ತಾತ್ಕಾಲಿಕವಾಗಿ ಊರಲ್ಲಿಲ್ಲ" ಎಂಬ ಪ್ರತ್ಯೇಕ ಅಂಕಣ ಅವಶ್ಯ.

5. ಖಾಲಿ ಎಂಬುದು ಸೊನ್ನೆಯಲ್ಲ

ಒಂದು ಉಪಕೇಂದ್ರದಿಂದ ಈ ವಾರ ವಾಂತಿಭೇದಿ ಪ್ರಕರಣಗಳು "0" ಎಂದು ವರದಿ ಬಂದರೆ ಯಾರೋ ಒಬ್ಬರು ವಿಚಾರಿಸಿ, ಇಲ್ಲವೆಂದು ಬರೆದಿದ್ದಾರೆ ಎಂದರ್ಥ. ವರದಿಯೇ ಬಾರದಿದ್ದರೆ ಯಾರೂ ವಿಚಾರಿಸಿಲ್ಲ ಎಂದರ್ಥ. ಸಿಬ್ಬಂದಿ ರಜೆಯಲ್ಲಿದ್ದಿರಬಹುದು, ಸಂಪರ್ಕ ಜಾಲ ಇಲ್ಲದಿರಬಹುದು. ಈ ಎರಡನ್ನೂ ಒಂದೇ ಹಸಿರು ಬಣ್ಣದಲ್ಲಿ ತೋರಿಸುವ ಫಲಕವು ಸುಳ್ಳು ಸಮಾಧಾನವನ್ನು ಕೊಡುತ್ತದೆ. ವರದಿ ಬಾರದ ಸ್ಥಳವನ್ನು ಬೂದು ಬಣ್ಣದಲ್ಲಿ ಬೇರೆಯಾಗಿ ತೋರಿಸಿ, ಎಷ್ಟು ದಿನಗಳಿಂದ ವರದಿ ಇಲ್ಲ ಎಂಬುದನ್ನೂ ನಮೂದಿಸತಕ್ಕದ್ದು.

ದಿನಾಂಕದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ಘಟನೆ ನಡೆದ ದಿನ, ಅದನ್ನು ನೋಂದಾಯಿಸಿದ ದಿನ, ಗಣಕಯಂತ್ರಕ್ಕೆ ಏರಿಸಿದ ದಿನ ಇವು ಮೂರೂ ಬೇರೆ ಬೇರೆ. ಕೋವಿಡ್ ಕಾಲದ ದೈನಂದಿನ ಪ್ರಕಟಣೆಗಳಲ್ಲಿ ಒಂದು ದಿನ ಘೋಷಿಸಿದ ಮರಣಗಳ ಪೈಕಿ ಹಲವು ಹಿಂದಿನ ದಿನಗಳವು ಆಗಿರುತ್ತಿದ್ದುದನ್ನು ಓದುಗರು ಗಮನಿಸಿರಬಹುದು. ರೋಗದ ಏರಿಳಿತವನ್ನು ತಿಳಿಯಲು ಘಟನೆ ನಡೆದ ದಿನವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

6. ಬೇಗ ಕೊಲ್ಲುವ ನೀರು, ನಿಧಾನವಾಗಿ ಕೆಡಿಸುವ ನೀರು

2021ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗಿನ ದಿನಗಳಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಆರು ಮಂದಿ ಮೃತಪಟ್ಟು, ನೂರಕ್ಕೂ ಹೆಚ್ಚು ಜನರು ಅಸ್ವಸ್ಥರಾದರೆಂದು ವರದಿಯಾಯಿತು. ಸರ್ಕಾರ ತನಿಖೆಗೆ ಆದೇಶಿಸಿತು. ವಿಜಯನಗರ ಜಿಲ್ಲೆಯು ಅಧಿಕೃತವಾಗಿ ಉದ್ಘಾಟನೆಗೊಂಡದ್ದು ಅದೇ ಅಕ್ಟೋಬರ್ 2ರಂದು.

ಫಲಕವೊಂದಿದ್ದರೆ ಆ ಜೀವಗಳು ಉಳಿಯುತ್ತಿದ್ದವು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಡೆದ ಕೊಳವೆಯನ್ನು ಯಾವ ಫಲಕವೂ ದುರಸ್ತಿ ಮಾಡುವುದಿಲ್ಲ. ಆದರೆ ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಆಗುವುದನ್ನು ತಿಳಿದಿರುವುದು ಒಳಿತು. ಮೊದಲ ರೋಗಿ ಊರಿನ ಔಷಧ ಅಂಗಡಿಗೆ, ಎರಡನೆಯವರು ಖಾಸಗಿ ದವಾಖಾನೆಗೆ, ಮೂರನೆಯವರು ತಾಲ್ಲೂಕು ಆಸ್ಪತ್ರೆಗೆ, ನಾಲ್ಕನೆಯವರು ಪಕ್ಕದ ಜಿಲ್ಲೆಗೆ ಹೋಗುತ್ತಾರೆ. ಪ್ರತಿ ಸ್ಥಳದಲ್ಲಿಯೂ ಅದು ಒಂದೇ ಒಂದು ಪ್ರಕರಣ. ಎಲ್ಲರೂ ಒಂದೇ ಊರಿನವರು ಎಂಬುದು ಯಾರಿಗೂ ಕಾಣುವುದಿಲ್ಲ. ಚೀಟಿಯ ಮೇಲೆ ಊರಿನ ಹೆಸರು ಸರಿಯಾಗಿ ಬರೆದಿದ್ದು, ಆ ಚೀಟಿಗಳು ಒಂದೆಡೆ ಕೂಡಿದರೆ ಮಾತ್ರ ನಾಲ್ಕನೆಯ ರೋಗಿಯ ಹೊತ್ತಿಗೆ ಸಂಶಯ ಹುಟ್ಟುತ್ತದೆ. 1854ರಲ್ಲಿ ಲಂಡನ್ನಿನ ಕಾಲರಾ ಪಿಡುಗಿನಲ್ಲಿ ಜಾನ್ ಸ್ನೋ ಎಂಬ ವೈದ್ಯರು ಮಾಡಿದ್ದೂ ಇದನ್ನೇ. ಮೃತರ ಮನೆಗಳನ್ನು ಗುರುತಿಸುತ್ತ ಹೋದಾಗ ಅವೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಸೇರಿರುವುದು ಕಂಡುಬಂದಿತು. ಪಂಪಿನ ಹಿಡಿಕೆಯನ್ನು ತೆಗೆಸಲಾಯಿತು.

ಇದಕ್ಕಾಗಿ ಆರೋಗ್ಯ ಕೇಂದ್ರದ ಪ್ರಕರಣಗಳು ಮತ್ತು ಕುಡಿಯುವ ನೀರಿನ ಪರೀಕ್ಷಾ ಫಲಿತಾಂಶಗಳು ಒಂದೇ ನಕ್ಷೆಯ ಮೇಲೆ ಇರಬೇಕು. ಇವೆರಡೂ ಬೇರೆ ಬೇರೆ ಇಲಾಖೆಗಳ ವಹಿಗಳಲ್ಲಿ ಉಳಿದರೆ ಪ್ರಯೋಜನವಿಲ್ಲ.

ನಿಧಾನವಾಗಿ ಕೆಡಿಸುವ ನೀರಿನ ಲೆಕ್ಕ ಬೇರೆ. ಕೂಡ್ಲಿಗಿ ಮತ್ತು ಸುತ್ತಲಿನ ಒಣಭೂಮಿಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದ ವಿಷಯ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರಿನ ಮೂಲವಿಲ್ಲದಾಗ 1.5 ಮಿಲಿಗ್ರಾಂವರೆಗೆ ಅನುಮತಿ ಇದೆ. ಶಾಶ್ವತ ಹಲ್ಲುಗಳು ರೂಪುಗೊಳ್ಳುವುದು ಎಳೆಯ ವಯಸ್ಸಿನಲ್ಲಿ. ಆದ್ದರಿಂದ ಇಂದು 10 ವರ್ಷದ ಬಾಲಕಿಯ ಹಲ್ಲಿನ ಮೇಲೆ ಕಾಣುವ ಕಂದು ಕಲೆಯು ಆಕೆ ಅಂಗನವಾಡಿಗೆ ಹೋಗುತ್ತಿದ್ದಾಗ ಕುಡಿದ ನೀರಿನ ಸಾಕ್ಷಿ. ಊರಿಗೆ ಈಗ ಶುದ್ಧ ನೀರಿನ ಘಟಕ ಬಂದಿದ್ದರೂ ಕಲೆ ಉಳಿದಿರುತ್ತದೆ. ವಾಂತಿಭೇದಿಗೆ ದಿನದ ಲೆಕ್ಕ ಬೇಕಾದರೆ ಇದಕ್ಕೆ ವರ್ಷಗಳ ಲೆಕ್ಕ ಬೇಕು. ಎರಡನ್ನೂ ಒಂದೇ ಕಾಲಮಾನದಲ್ಲಿ ತೋರಿಸುವ ಫಲಕವು ಒಂದಕ್ಕೆ ತಡವಾಗುತ್ತದೆ, ಇನ್ನೊಂದಕ್ಕೆ ಅವಸರವಾಗುತ್ತದೆ.

7. ಕೆಂಪು ಬಣ್ಣ ಶಿಕ್ಷೆಯಲ್ಲ

ಫಲಕದಲ್ಲಿ ಕೆಂಪು ಕಂಡ ಕೂಡಲೇ ಆ ಕೇಂದ್ರದ ಸಿಬ್ಬಂದಿಗೆ ನೋಟೀಸು ಹೋಗುವ ಪದ್ಧತಿ ಇದ್ದರೆ ಸ್ವಲ್ಪ ಕಾಲದಲ್ಲಿಯೇ ಎಲ್ಲ ಕೇಂದ್ರಗಳೂ ಹಸಿರಾಗುತ್ತವೆ. ರೋಗ ಮಾತ್ರ ಊರಿನಲ್ಲಿಯೇ ಇರುತ್ತದೆ. ಪ್ರಾಮಾಣಿಕವಾಗಿ ಎಲ್ಲರನ್ನೂ ಪರೀಕ್ಷಿಸಿದ ಕೇಂದ್ರವೇ ಮೊದಲಿಗೆ ಕೆಂಪಾಗಿ ಕಾಣುವುದು ಸಹಜ. ಆದ್ದರಿಂದ ಕೆಂಪಿನ ಅರ್ಥ "ಇಲ್ಲಿಗೆ ಔಷಧ, ಸಿಬ್ಬಂದಿ ಮತ್ತು ವಾಹನ ಮೊದಲು ಹೋಗಬೇಕು" ಎಂದಾಗಿರತಕ್ಕದ್ದು. ಫಲಕದ ಕೊನೆಯ ಫಲವೂ ಚಿತ್ರವಾಗಿರದೆ ಪಟ್ಟಿಯಾಗಿರಬೇಕು. ಈ ವಾರ ಯಾವ ಮನೆಗೆ ಹೋಗಬೇಕು, ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಇದೆ ಎಂಬ ಪಟ್ಟಿ ಆಶಾ ಕಾರ್ಯಕರ್ತೆಯ ಕೈಗೆ ತಲುಪಿದಾಗಲೇ ಅಂಕಿಗಳ ಶ್ರಮ ಸಾರ್ಥಕ.

8. ಗೌಪ್ಯತೆ

ಸಾರ್ವಜನಿಕರಿಗೆ ತೆರೆದ ಫಲಕದಲ್ಲಿ ಯಾರ ಹೆಸರೂ ಇರತಕ್ಕದ್ದಲ್ಲ. ಅಷ್ಟೇ ಸಾಲದು. ಐವತ್ತು ಮನೆಗಳ ತಾಂಡಾದಲ್ಲಿ "ಕ್ಷಯರೋಗಿಗಳು: 1" ಎಂದು ಪ್ರಕಟಿಸಿದರೆ ಹೆಸರು ಬರೆಯದೆಯೂ ಹೆಸರು ಹೇಳಿದಂತಾಗುತ್ತದೆ. ಇಂತಹ ಸಣ್ಣ ಸಂಖ್ಯೆಗಳನ್ನು ದೊಡ್ಡ ಪ್ರದೇಶದೊಂದಿಗೆ ಕೂಡಿಸಿಯೇ ತೋರಿಸಬೇಕು. ಎಚ್‌ಐವಿ ಸೋಂಕಿತರ ಗೌಪ್ಯತೆಗೆ 2017ರ ಕಾಯ್ದೆಯ ರಕ್ಷಣೆ ಇದೆ. ವೈಯಕ್ತಿಕ ದತ್ತಾಂಶಕ್ಕಾಗಿ 2023ರಲ್ಲಿ ಪ್ರತ್ಯೇಕ ಅಧಿನಿಯಮ ರಚನೆಯಾಗಿದೆ. ತಮ್ಮ ಊರಿನ ಒಟ್ಟು ಅಂಕಿಗಳನ್ನು ನಾಗರಿಕರು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕೇಳಬಹುದು. ಇನ್ನೊಬ್ಬರ ವೈಯಕ್ತಿಕ ಕಾಯಿಲೆಯ ವಿವರವನ್ನು ಕೇಳಲು ಬರುವುದಿಲ್ಲ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಜನನ ಮತ್ತು ಮರಣಗಳನ್ನು 21 ದಿನಗಳೊಳಗೆ ನೋಂದಾಯಿಸಿ. ಈ ಅವಧಿಯಲ್ಲಿ ವಿಳಂಬ ಶುಲ್ಕವಿರುವುದಿಲ್ಲ.

(ಆ) ನಮೂನೆಯ ಸಾಂಖ್ಯಿಕ ಭಾಗವನ್ನು ಪೂರ್ತಿಯಾಗಿ ತುಂಬಿ. ತಾಯಿಯ ವಾಸದ ಊರು ಎಂಬಲ್ಲಿ ಆಸ್ಪತ್ರೆ ಇರುವ ಊರನ್ನಾಗಲೀ ಹೆರಿಗೆಗೆಂದು ಬಂದ ತವರನ್ನಾಗಲೀ ಬರೆಯದೆ, ಆಕೆ ಸಾಮಾನ್ಯವಾಗಿ ನೆಲೆಸಿರುವ ಊರನ್ನೇ ಬರೆಯಿರಿ. ಗ್ರಾಮ, ತಾಲ್ಲೂಕು, ಜಿಲ್ಲೆ ಮೂರನ್ನೂ ಈಗಿನ ಗಡಿಯಂತೆ ನಮೂದಿಸಿ. ಒಂದೇ ಹೆಸರಿನ ಊರುಗಳು ಹಲವು ಇರುವುದರಿಂದ ಗ್ರಾಮ ಪಂಚಾಯಿತಿಯ ಹೆಸರನ್ನೂ ತಿಳಿಸುವುದು ಒಳಿತು.

(ಇ) ಗರ್ಭಿಣಿಯರು ಗಂಡನ ಊರಿನಲ್ಲಿ ಪಡೆದ ತಾಯಿ ಕಾರ್ಡನ್ನೇ ತವರಿಗೂ ಒಯ್ಯಿರಿ. ಎರಡು ಕಡೆ ಹೊಸದಾಗಿ ನೋಂದಣಿ ಮಾಡಿಸಿದರೆ ಒಬ್ಬ ತಾಯಿ ಇಬ್ಬರಾಗಿ ಎಣಿಕೆಯಾಗಿ, ಒಂದು ಕಡೆ ಆಕೆ ತಪಾಸಣೆ ಬಿಟ್ಟವಳೆಂದು ದಾಖಲಾಗುತ್ತಾಳೆ.

(ಈ) ಗುಳೆ ಹೋಗುವ ಮುನ್ನ ಆಶಾ ಕಾರ್ಯಕರ್ತೆಗೆ ತಿಳಿಸಿ. ಮಕ್ಕಳ ಲಸಿಕೆ ಕಾರ್ಡನ್ನು ಜೊತೆಯಲ್ಲಿ ಇಟ್ಟುಕೊಳ್ಳಿ.

(ಉ) ಆಸ್ಪತ್ರೆಯ ಚೀಟಿಯಲ್ಲಿ ಊರು, ವಯಸ್ಸು, ರೋಗ ಆರಂಭವಾದ ದಿನ ಸರಿಯಾಗಿವೆಯೇ ನೋಡಿಕೊಳ್ಳಿ. ನೆರೆಮನೆಯಲ್ಲಿಯೂ ಅದೇ ರೋಗವಿದ್ದರೆ ವೈದ್ಯರಿಗೆ ಹೇಳಿ.

(ಊ) ಮರಣ ಸಂಭವಿಸಿದಾಗ ವೈದ್ಯರಿಂದ ಮರಣ ಕಾರಣದ ಪ್ರಮಾಣಪತ್ರವನ್ನು ಪಡೆಯಿರಿ. "ಹೃದಯ ನಿಂತು ಹೋಯಿತು" ಎಂಬುದು ಎಲ್ಲ ಮರಣಗಳಿಗೂ ಅನ್ವಯಿಸುವ ಮಾತು. ಹೃದಯ ನಿಲ್ಲಲು ಕಾರಣವಾದ ರೋಗವೇ ಊರಿನ ಮುಂದಿನ ಯೋಜನೆಗೆ ಬೇಕಾದ ಮಾಹಿತಿ.

(ಋ) ನೋಂದಣಿಯಾದ ವಿವರಗಳಲ್ಲಿ ತಪ್ಪು ಕಂಡುಬಂದಲ್ಲಿ ಸೂಕ್ತ ದಾಖಲೆಗಳೊಂದಿಗೆ ನೋಂದಣಾಧಿಕಾರಿಗಳಿಗೆ ಅರ್ಜಿ ಸಲ್ಲಿಸಿ ತಿದ್ದುಪಡಿ ಮಾಡಿಸಿಕೊಳ್ಳಬಹುದು.

10. ಮುಕ್ತಾಯ

ನಾಗರಿಕರು ಕಚೇರಿಗೆ ಬರುವುದು ಒಂದು ಪ್ರಮಾಣಪತ್ರಕ್ಕಾಗಿ, ಒಂದು ಕಾರ್ಡಿಗಾಗಿ. ಕೆಲಸ ಮುಗಿದ ಮೇಲೆ ಅವರು ಭರ್ತಿ ಮಾಡಿದ ನಮೂನೆ ಕಡತದಲ್ಲಿ ಉಳಿಯುತ್ತದೆ. ಆ ನಮೂನೆಯಲ್ಲಿನ ಒಂದು ಸಾಲು ಅದೇ ಊರಿನ ಇನ್ನೂ ಹುಟ್ಟದ ಮಗುವಿನ ಲಸಿಕೆಗೆ, ಮುಂದಿನ ಮಳೆಗಾಲದ ನೀರಿನ ಪರೀಕ್ಷೆಗೆ ಆಧಾರವಾಗುತ್ತದೆ. ಬರೆಯದೆ ಬಿಟ್ಟ ಸಾಲು ಯಾವ ಫಲಕದಲ್ಲಿಯೂ ಕಾಣುವುದಿಲ್ಲ. ಆದುದರಿಂದ ಎಲ್ಲ ಅಂಕಣಗಳನ್ನೂ ಸರಿಯಾಗಿ ತುಂಬಿ ಸಹಕರಿಸಬೇಕೆಂದು ಸಾರ್ವಜನಿಕರನ್ನು ಕೋರಲಾಗಿದೆ. ನಮೂನೆ ತುಂಬುವಲ್ಲಿ ಸಂದೇಹವಿದ್ದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಅಥವಾ ತಮ್ಮ ವ್ಯಾಪ್ತಿಯ ಜನನ ಮರಣ ನೋಂದಣಾಧಿಕಾರಿಗಳನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.